ಹೊಗೆಯ ಖಾತಾ ಬದಲಾವಣೆ

ದೊಡ್ಡ ಕಂಪನಿ ಹೊಗೆ ತಗ್ಗಿಸಲು ಹೊರಟರೆ ಮೊದಲು ಕೈಹಾಕುವುದು ಬಾಯ್ಲರಿಗಲ್ಲ, ಜನರೇಟರಿಗೂ ಅಲ್ಲ, ಎಕ್ಸೆಲ್ ಶೀಟಿಗೆ.

ಜಿಎಚ್‌ಜಿ ಪ್ರೋಟೋಕಾಲ್ ಎಂಬ ಲೆಕ್ಕದ ಕಟ್ಟಳೆಯಲ್ಲಿ ಹೊಗೆಗೆ, ಅಂದರೆ ಭೂಮಿ ಬಿಸಿಮಾಡುವ ಅನಿಲಗಳಿಗೆ, ಮೂರು ಖಾತೆ. ತಾನೇ ಸುಟ್ಟ ಡೀಸೆಲ್, ಗ್ಯಾಸು ಸ್ಕೋಪ್ ಒಂದು. ಕೊಂಡ ಕರೆಂಟಿನದು ಸ್ಕೋಪ್ ಎರಡು. ಕೊಂಡ ಉಕ್ಕು, ಸಿಮೆಂಟು, ಸಿಬ್ಬಂದಿಯ ಓಡಾಟ, ಮಾರಿದ ಮಾಲು ಗಿರಾಕಿಯ ಕೈಲಿ ಉರಿಯುವುದು, ಹೀಗೆ 15 ಬಗೆಯದೆಲ್ಲ ಸ್ಕೋಪ್ ಮೂರು. ಷೇರುಪೇಟೆಯ ಕಾವಲುಗಾರ ಸೆಬಿ ಕೇಳುವ ಬಿಆರ್‌ಎಸ್‌ಆರ್ ಎಂಬ ಹೊಣೆಗಾರಿಕೆ ವರದಿಯಲ್ಲಿ ಮೊದಲೆರಡು ಕಡ್ಡಾಯ, ಮೂರನೆಯದು ಐಚ್ಛಿಕ. ಬೆಂಗಳೂರಿನವರಿಗೆ ತಿಳಿಯುವಂತೆ ಹೇಳಿದರೆ ಅದು ಬಿ ಖಾತಾ: ಮನೆಯೂ ಇದೆ, ಒಳಗೆ ಜನವೂ ಇದ್ದಾರೆ, ಕಾಗದ ಮಾತ್ರ ಕೇಳಬೇಡಿ.

ಇಷ್ಟು ಗೊತ್ತಾದ ಮೇಲೆ ಹೊಗೆ ಇಳಿಸುವುದು ನೀರು ಕುಡಿದಷ್ಟು ಸಲೀಸು. ಕಂಪನಿಯ ಬಸ್ಸು ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.68 ಕೆಜಿ ಇಂಗಾಲದ ಡೈಆಕ್ಸೈಡ್, ಸ್ಕೋಪ್ ಒಂದರಲ್ಲಿ. ಬಸ್ಸು ಮಾರಿ, ಟ್ರಿಪ್ಪಿಗಿಷ್ಟು ಎಂದು ಗುತ್ತಿಗೆ ಕೊಡಿ. ಅದೇ ಬಸ್ಸು, ಅದೇ ಡ್ರೈವರು, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಅದೇ ಕಪ್ಪು ಹೊಗೆ. ಆದರೆ ಖಾತೆ ಬದಲಾಗಿದೆ. ವಾರ್ಷಿಕ ವರದಿಯಲ್ಲಿ ಅದರ ಹೆಸರು ‘ಕಡಿತ’.

ಕರೆಂಟಿಗೆ ಇನ್ನೂ ನಾಜೂಕಾದ ಮದ್ದಿದೆ. ವರ್ಷಕ್ಕೆ 1 ಕೋಟಿ ಯೂನಿಟ್ ಬಳಸುವ ಕ್ಯಾಂಪಸ್ಸಿಗೆ, ಯೂನಿಟ್ಟಿಗೆ ಸುಮಾರು 0.7 ಕೆಜಿಯಂತೆ, 7,000 ಟನ್ ಹೊಗೆ. ಬೇರೆಲ್ಲೋ ಹುಟ್ಟಿದ ಹಸಿರು ಕರೆಂಟಿನ ಸಾವಿರ ಯೂನಿಟ್ಟಿಗೊಂದು ಆರ್‌ಇಸಿ ಸರ್ಟಿಫಿಕೇಟು. 10,000 ಕೊಂಡರೆ ‘ಮಾರುಕಟ್ಟೆ ಆಧಾರಿತ’ (ಅಂದರೆ ಕೊಂಡ ಕಾಗದದ ಲೆಕ್ಕದ) ಕಾಲಮ್ಮಿನಲ್ಲಿ ಸೊನ್ನೆ! ಈ ಶುಭ ಸಮಾಚಾರ ರಾಯಚೂರಿನ ಕಲ್ಲಿದ್ದಲಿಗೆ ತಲುಪಿರುವುದಿಲ್ಲ. ಸ್ಥಳದ ಗ್ರಿಡ್ಡಿನ ಲೆಕ್ಕವನ್ನೂ ಜೊತೆಗೇ ತೋರಿಸಬೇಕೆಂದು ಪ್ರೋಟೋಕಾಲ್ 2015ರಲ್ಲೇ ಹೇಳಿದೆ. ತೋರಿಸುತ್ತಾರೆ, ಅಡಿಟಿಪ್ಪಣಿಯಲ್ಲಿ, ಇರುವೆ ಓದುವ ಅಕ್ಷರದಲ್ಲಿ.

ಆಮೇಲೆ ‘ತೀವ್ರತೆ’, ಅಂದರೆ ವಹಿವಾಟಿನ ರೂಪಾಯಿಗೆಷ್ಟು ಹೊಗೆ. ವಹಿವಾಟು ಎರಡು ಪಟ್ಟು, ಹೊಗೆ ಒಂದೂವರೆ ಪಟ್ಟು ಆದರೆ ತೀವ್ರತೆ ಶೇ. 25 ಇಳಿಕೆ. ಮಾಲಿನ ರೇಟು ಏರಿಸಿದರೂ ಇಳಿಯುತ್ತದೆ. ಆಕಾಶಕ್ಕೆ ಭಾಗಾಕಾರ ಬರುವುದಿಲ್ಲ, ಅದರ ದಡ್ಡತನ.

ಹೊರದೇಶದವರ ಹರಕೆಗಳು ಇನ್ನೂ ಭಾರಿ. ತೈಲ, ಅನಿಲ ಉತ್ಪಾದನೆಯನ್ನು 2030ಕ್ಕೆ ಶೇ. 40 ಇಳಿಸುತ್ತೇನೆಂದು ಬ್ರಿಟನ್ನಿನ ತೈಲ ಕಂಪನಿ ಬಿಪಿ 2020ರಲ್ಲಿ ಹೇಳಿತು. 2023ರಲ್ಲಿ ಅದು ಶೇ. 25 ಆಯಿತು. 2025ರಲ್ಲಿ ಉತ್ಪಾದನೆ ಹೆಚ್ಚಿಸುವ ಯೋಜನೆಯೇ ಬಂತು. ಕುರಿ ಹರಕೆ ಹೊತ್ತು, ಕೋಳಿಗೆ ಇಳಿದು, ಕಡೆಗೆ ದೇವರ ತಟ್ಟೆಯಿಂದಲೇ ಕಾಸು ಎತ್ತಿಕೊಂಡ ಹಾಗೆ. 2030ಕ್ಕೆ ‘ಕಾರ್ಬನ್ ನೆಗೆಟಿವ್’ ಆಗುತ್ತೇನೆಂದ ಮೈಕ್ರೋಸಾಫ್ಟ್, ತನ್ನ ಹೊಗೆ 2020ಕ್ಕಿಂತ ಶೇ. 29 ಏರಿದೆಯೆಂದು 2024ರ ವರದಿಯಲ್ಲಿ ತಾನೇ ಒಪ್ಪಿಕೊಂಡಿತು. ಡೇಟಾ ಸೆಂಟರ್ ಕಟ್ಟುವ ಉಕ್ಕು, ಸಿಮೆಂಟು, ಚಿಪ್ಪು: ಅದೇ ಬಿ ಖಾತಾ. ಅಚ್ಚು ಹಾಕಿ ಹೇಳಿತಲ್ಲ, ಅದಕ್ಕಾದರೂ ಮೆಚ್ಚಬೇಕು.

ಇನ್ನು ಎಸಿ ಗ್ಯಾಸು. ಆರ್-410ಎ ಒಂದು ಕೆಜಿ ಸೋರಿದರೆ 2,088 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ. 10 ಕೆಜಿ ಸೋರಿದರೆ ಸುಮಾರು 7,800 ಲೀಟರ್ ಡೀಸೆಲ್ ಸುಟ್ಟಂತೆ. ಇದು ಅಪ್ಪಟ ಸ್ಕೋಪ್ ಒಂದು. ಆದರೆ ಬಿಲ್ಲಿನಲ್ಲಿ ಬರುವುದು ‘ರಿಪೇರಿ ಖರ್ಚು’ ಎಂದು. ಎಷ್ಟು ಗ್ಯಾಸು ತುಂಬಿದೆ ಎಂಬುದು ಮೆಕ್ಯಾನಿಕ್ಕಿನ ಜೇಬಿನ ಪುಸ್ತಕದಲ್ಲಿದೆ. ಹಸಿರು ವರದಿ ಬರೆಯುವವರು ಅವನನ್ನು ಕೇಳಲು ಹೋಗುವುದಿಲ್ಲ. ಕೇಳಿದರೆ ಹೇಳಿಬಿಡುತ್ತಾನೆ.