ಲೋಹಗಡಕ್ಕೊಂದು ದಂಡಯಾತ್ರೆ

ಮಳೆಗಾಲ ಬಂತು, ಹಿಂದೆಯೇ ಪುಣೆ ಜಿಲ್ಲಾಡಳಿತದ ನಿಷೇಧಾಜ್ಞೆಯೂ ಬಂತು. ಇಂತಿಂಥ ಜಾಗಗಳಲ್ಲಿ ನೀರಿಗಿಳಿಯಬೇಡಿ, ಬಂಡೆಯಂಚಲ್ಲಿ ನಿಂತು ಸೆಲ್ಫಿ ತೆಗೆಯಬೇಡಿ, ರೀಲ್ಸ್ ಮಾಡಬೇಡಿ. ಪುಣೆಯ ಐಟಿ ಬಡಾವಣೆ ಹಿಂಜವಡಿಯ ನಮ್ಮ ಕನ್ನಡ ಗೆಳೆಯರಿಗೆ ಇದರಿಂದ ಮಹದುಪಕಾರವಾಗಿದೆ. ಶನಿವಾರ ಎಲ್ಲಿಗೆ ಹೋಗೋದು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಲ್ಲೆಲ್ಲಿ ಹೋಗಬಾರದು ಅಂತ ಸರ್ಕಾರವೇ ಬರೆದು ಕೊಟ್ಟಿದೆಯಲ್ಲ!

ಈ ಸಲದ ಹೊಸ ಗಿರಾಕಿ ದಾವಣಗೆರೆ ಹುಡುಗ. ಹಿಮಾಲಯದಲ್ಲಿ ವಾರಗಟ್ಟಲೆ ನಡೀಬೇಕು ಅನ್ನೋದು ಅವನ ಆಸೆ. ಅದಕ್ಕೆ ತಾಲೀಮು ಲೋಣಾವಳದ ಹತ್ತಿರದ ಲೋಹಗಡದಲ್ಲಿ. ಅಜ್ಜಿಯಂದಿರು ಒಂಬತ್ತು ಗಜದ ನೌವಾರಿ ಸೀರೆ ಉಟ್ಟು ಹತ್ತಿ ಇಳಿಯೋ ಮೆಟ್ಟಿಲಿನ ಕೋಟೆ ಅದು. ಇವನ ಬೆನ್ನ ಮೇಲೆ 60 ಲೀಟರ್ ಚೀಲ. ಒಳಗೆ ಟೆಂಟು, ಸ್ಲೀಪಿಂಗ್ ಬ್ಯಾಗು, ಗ್ಯಾಸ್ ಸ್ಟೋವು. ಹೊತ್ತ ಭಾರ ಮೈತೂಕದ ಐದನೇ ಒಂದು ಭಾಗ ದಾಟಬಾರದು ಅಂತಾರೆ ತಿಳಿದವರು. ಇವನದು ಹತ್ತೋಕೆ ಮುಂಚೆ, ರೈಲಿಳಿದ ಮಾಳವಲಿ ಸ್ಟೇಷನ್ನಿನಲ್ಲೇ ದಾಟಿತ್ತು. ಚೀಲದ ಭಾರ ಹೆಗಲಿನ ಮೇಲಲ್ಲ, ಸೊಂಟದ ಮೇಲೆ ಕೂರಲಿ ಅಂತಲೇ ಹಿಪ್ ಬೆಲ್ಟ್ ಇರೋದು. ಇವನದು ಎರಡೂ ಕಡೆ ನೇತಾಡುತ್ತಿತ್ತು. ಕಟ್ಟಿದರೆ ಫೋಟೋದಲ್ಲಿ ಹೊಟ್ಟೆ ಎದ್ದು ಕಾಣುತ್ತಂತೆ. ಕೆಳಗೆ ಜೀನ್ಸ್. ಸಹ್ಯಾದ್ರಿ ಮಳೇಲಿ ನೆನೆದ ಜೀನ್ಸ್ ಒಣಗಬೇಕಾದರೆ ದೀಪಾವಳಿಯೇ ಬರಬೇಕು.

ರೇನ್‌ಕೋಟಿನ ವಿಷಯ ಹೇಳಲೇಬೇಕು. ಬೆವರಿನ ಆವಿ ಹೊರಬಿಡೋ ‘ಉಸಿರಾಡುವ’ ಬಟ್ಟೆಯಂತೆ. ಬೆಲೆ ಕೇಳಿದರೆ ಕೊಳ್ಳುವವನ ಉಸಿರು ನಿಲ್ಲುತ್ತೆ. ಘಾಟಿನ ಈ ತೇವದಲ್ಲಿ ಬೆವರು ಆರಿದರಲ್ಲವೇ? ಹೊರಗೆ ಮಳೆ, ಒಳಗೆ ಬೆವರು, ಅಂತೂ ಹುಡುಗ ತೊಪ್ಪೆ. ಪಕ್ಕದಲ್ಲೇ ಒಬ್ಬ ಧನಗರ (ಕುರಿಗಾಹಿ) ಅಜ್ಜ ಕಂಬಳಿ ಕೊಪ್ಪೆ ಹಾಕಿಕೊಂಡು ಆಡು ಹೊಡೆದುಕೊಂಡು ಹೋದ. ಚೀಲವನ್ನು ಒಂದು ಸುತ್ತು ನೋಡಿ, ‘ಮೇಲೆ ಎಷ್ಟು ದಿನ ಇರ್ತೀರಿ?’ ಅಂತ ಮರಾಠಿಯಲ್ಲಿ ಕೇಳಿದ. ಮಧ್ಯಾಹ್ನ ಊಟಕ್ಕೆ ಇಳೀತೀವಿ ಅಂದೆವು.

ಇಳಿಯೋದೇನು ಸುಲಭವೇ? 2023ರ ಜುಲೈನಲ್ಲಿ ಇದೇ ಮೆಟ್ಟಿಲುಗಳ ಮೇಲೆ ಜನ ಗಂಟೆಗಟ್ಟಲೆ ಸಿಕ್ಕಿಬಿದ್ದ ವಿಡಿಯೋ ನೀವೂ ನೋಡಿರ್ತೀರಿ. 2025ರಲ್ಲಿ ಯುನೆಸ್ಕೋ ಮರಾಠರ 12 ಕೋಟೆಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು, ಲೋಹಗಡವೂ ಅದರಲ್ಲಿದೆ. ಇನ್ನು ನೂಕುನುಗ್ಗಲಿಗೂ ವಿಶ್ವಮಾನ್ಯತೆ.

ಸೋಮವಾರ ಹುಡುಗ ಆಫೀಸಿಗೆ ಚಪ್ಪಲಿಯಲ್ಲಿ ಬಂದ. ಹೊಸ ಶೂ ಪಳಗಿಸದೆ ಹಾಕಿಕೊಂಡಿದ್ದಕ್ಕೆ ಎರಡೂ ಹಿಮ್ಮಡಿಯಲ್ಲಿ ಗುಳ್ಳೆ. ಇರಲಿ, ಗುಳ್ಳೆ ವಾಸಿಯಾಗುತ್ತೆ.

2024ರ ಜೂನ್ 30ರಂದು ಲೋಣಾವಳದ ಭುಶಿ ಡ್ಯಾಮಿನ ಹತ್ತಿರ ಒಂದೇ ಕುಟುಂಬದ ಐದು ಜನ ಕೊಚ್ಚಿಹೋದರು. ಮರುವರ್ಷ ಜೂನ್ 15ಕ್ಕೆ ಪುಣೆ ಹತ್ತಿರದ ಕುಂಡಮಳಾದಲ್ಲಿ ಇಂದ್ರಾಯಣಿ ನದಿಯ ಹಳೇ ಸೇತುವೆ ಕುಸಿದು ನಾಲ್ವರು ಸತ್ತರು. ಸೇತುವೆ ಅಪಾಯಕಾರಿ ಅನ್ನೋ ಬೋರ್ಡು ಅಲ್ಲಿತ್ತು. ಬೋರ್ಡು ಎಲ್ಲ ಕಡೆ ಇರುತ್ತೆ ಸ್ವಾಮಿ. ಭಾನುವಾರ ಬೆಳಗ್ಗೆ ಅದರ ಪಕ್ಕ ನಿಂತು ‘ಸಾಕು, ವಾಪಸ್ ಹೋಗಿ’ ಅನ್ನೋಕೆ ಇಬ್ಬರನ್ನು ನಿಲ್ಲಿಸೋದು ಅಷ್ಟು ಕಷ್ಟವಾ? ಪ್ರವಾಹದಲ್ಲಿ ಹೆಣ ಹುಡುಕೋಕೆ ಇಳಿಯೋದು ಲೋಣಾವಳದ ಶಿವದುರ್ಗ ಮಿತ್ರದಂಥ ರಕ್ಷಣಾ ತಂಡಗಳ ಸ್ವಯಂಸೇವಕ ಹುಡುಗರು. ಅವರಿಗೂ ಮನೆಯಲ್ಲಿ ಕಾಯೋ ಅಮ್ಮಂದಿರಿದ್ದಾರೆ.

ಕ್ಯಾಂಟೀನಿನಲ್ಲಿ ಇಷ್ಟನ್ನೂ ಹುಡುಗನಿಗೆ ಹೇಳಿದೆ. ಚಹಾ ಕೆಳಗಿಟ್ಟು ಗಂಭೀರವಾಗಿ ಕೇಳಿಸಿಕೊಂಡ.

‘ಹೌದೇನಣ್ಣ? ಕುಂಡಮಳಾ ಇಲ್ಲಿಂದ ಎಷ್ಟು ದೂರ?’ ಅಂದ.