ಮನೆಯವರ ಪುಸ್ತಕಕ್ಕೆ ಹೊರಗಿನ ಕಣ್ಣು ಬೇಕು

ನಮ್ಮ ದೊಡ್ಡಮ್ಮ ಹನ್ನೊಂದು ನೋಟ್‌ಬುಕ್ ತುಂಬ ಒಂದು ಕಾದಂಬರಿ ಬರೆದಿಟ್ಟುಕೊಂಡಿದ್ದರು. ಮನೆಯಲ್ಲಿ ಯಾರಿಗೂ ಸುಳಿವಿರಲಿಲ್ಲ. ಒಂದು ದಿನ ನನ್ನನ್ನು ಕೂರಿಸಿಕೊಂಡು, "ಇದನ್ನ ಪುಸ್ತಕ ಮಾಡಿಸಬೇಕು ಕಣೆ. ಪ್ರಕಾಶಕರ ಉತ್ತರಕ್ಕೆ ವರ್ಷಗಟ್ಟಲೆ ಕಾಯೋ ವಯಸ್ಸಲ್ಲ ನನ್ನದು. ನೀನು ಜೊತೆಗಿದ್ರೆ ನಾನೇ ಮಾಡಿಸ್ತೀನಿ" ಅಂದರು. ಪುಸ್ತಕ ಈಗ ಬಂದಿದೆ. ಅದಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ಮನೆಯಲ್ಲಿ ಬರೆಯುವವರಿರುವ ಎಲ್ಲರಿಗೂ ಒಂದು ಮಾತು ಹೇಳಬೇಕು ಅಂತ ಇದನ್ನು ಬರೆಯುತ್ತಿದ್ದೇನೆ. ನಾವು ಟೈಪ್ ಮಾಡಿಕೊಡೋಣ, ಓಡಾಡೋಣ, ಹಣ ಹೊಂದಿಸೋಣ. ಆದರೆ ಸಂಪಾದಕರ ಕುರ್ಚಿಯಲ್ಲಿ ಮಾತ್ರ ನಾವು ಕೂರಬಾರದು.

ಯಾಕೆ ಅಂತ ನನಗೆ ತಿಳಿದದ್ದು ತಡವಾಗಿ. ಹಸ್ತಪ್ರತಿ ಓದಿ ನಾನು "ತುಂಬಾ ಚೆನ್ನಾಗಿದೆ ದೊಡ್ಡಮ್ಮ" ಅಂದಿದ್ದೆ. ಸುಳ್ಳು ಹೇಳಿರಲಿಲ್ಲ, ನಿಜಕ್ಕೂ ಕಣ್ಣು ತುಂಬಿ ಬಂದಿತ್ತು. ಮೂವತ್ತು ವರ್ಷ ಮಾತು ಬಿಟ್ಟ ಇಬ್ಬರು ಅಕ್ಕತಂಗಿಯರ ಕಥೆ ಅದು. ತಂಗಿ ಒಂದು ಮಧ್ಯಾಹ್ನ ಟ್ರಂಕು ಹಿಡಿದು ಬಾಗಿಲಲ್ಲಿ ನಿಲ್ಲುತ್ತಾಳೆ. ಅಕ್ಕ ಬಾ ಅನ್ನುವುದೂ ಇಲ್ಲ, ಹೋಗು ಅನ್ನುವುದೂ ಇಲ್ಲ. ಆ ದೃಶ್ಯ ಓದುವಾಗ ನನ್ನ ಕಣ್ಣೆದುರು ಇದ್ದದ್ದು ಪಾತ್ರಗಳಲ್ಲ, ನಮ್ಮ ಮನೆಯ ಇಬ್ಬರು ಹಿರಿಯರು. ಅವರ ಜಗಳದ ಮೂಲ ನನಗೆ ಚಿಕ್ಕಂದಿನಿಂದ ಗೊತ್ತು. ಹಾಗಾಗಿ ಪುಟದ ಮೇಲೆ ಇಲ್ಲದ್ದನ್ನೂ ನಾನು ಓದಿಕೊಂಡಿದ್ದೆ.

ಆಮೇಲೆ ನಮ್ಮ ಮನೆತನದ ಪರಿಚಯವೇ ಇಲ್ಲದ ಒಬ್ಬ ಸಂಪಾದಕರಿಗೆ ಸಂಭಾವನೆ ಕೊಟ್ಟು ಓದಲು ಕೊಟ್ಟೆವು. ಅವರು ನಾಲ್ಕು ಪುಟದ ಪತ್ರ ಬರೆದರು. ಮೊದಲ ಮೂರು ಅಧ್ಯಾಯ ಬರೀ ವಂಶಾವಳಿ, ಕಾದಂಬರಿ ಶುರುವಾಗುವುದೇ ನಾಲ್ಕನೆಯದರಲ್ಲಿ, ಆ ಟ್ರಂಕಿನಿಂದ. ತಂಗಿಯ ಸಿಟ್ಟು ಪುಸ್ತಕದುದ್ದಕ್ಕೂ ಉರಿಯುತ್ತದೆ, ಆದರೆ ಅದಕ್ಕೆ ಕಿಡಿ ಬಿದ್ದದ್ದು ಎಲ್ಲಿ ಅಂತ ಓದುಗನಿಗೆ ಎಲ್ಲೂ ಕಾಣುವುದಿಲ್ಲ. ಇಷ್ಟೇ ಅದರ ಸಾರ. ಇದೇ ಹಸ್ತಪ್ರತಿಯನ್ನು ನಾನು ಎರಡು ಸಲ ಓದಿದ್ದೆ, ಹೆಚ್ಚಿನ ಭಾಗವನ್ನು ನಾನೇ ಟೈಪ್ ಮಾಡಿದ್ದೆ. ನನಗೆ ಒಮ್ಮೆಯೂ ಅದು ಹೊಳೆದಿರಲಿಲ್ಲ.

ದೊಡ್ಡಮ್ಮ ಐದು ದಿನ ಆ ಪತ್ರದ ವಿಷಯವನ್ನೇ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಬೇಜಾರಾಗಿದೆ, ಪುಸ್ತಕವೇ ಬೇಡ ಅನ್ನುತ್ತಾರೇನೋ ಅಂತ ಭಯವಾಗಿತ್ತು. ಆರನೆಯ ದಿನ ಅವರೇ ಫೋನ್ ಮಾಡಿದರು. "ಅವರು ಹೇಳಿದ್ದು ಸರಿ ಇದೆ. ಆ ಸಿಟ್ಟಿನ ಕಾರಣ ನನ್ನ ತಲೇಲಿದೆ, ಪುಸ್ತಕದಲ್ಲಿಲ್ಲ." ಒಂದು ತಿಂಗಳು ಕೂತು ಒಂಬತ್ತು ಪುಟದ ಹೊಸ ಅಧ್ಯಾಯ ಬರೆದರು. ಇಡೀ ಕಾದಂಬರಿಯಲ್ಲಿ ಅದಕ್ಕಿಂತ ಒಳ್ಳೆಯ ಬರವಣಿಗೆ ಇಲ್ಲ. ನನ್ನ "ಚೆನ್ನಾಗಿದೆ"ಯನ್ನೇ ನಂಬಿಕೊಂಡು ಅಚ್ಚಿಗೆ ಕೊಟ್ಟಿದ್ದರೆ ಆ ಒಂಬತ್ತು ಪುಟ ಹುಟ್ಟುತ್ತಲೇ ಇರಲಿಲ್ಲ. ಈಗಲೂ ನೆನೆಸಿಕೊಂಡರೆ ಎದೆ ಧಸಕ್ಕೆನ್ನುತ್ತದೆ.

ಸಂಪಾದಕರು ಹೇಳಿದ್ದನ್ನೆಲ್ಲ ಒಪ್ಪಿದೆವು ಅಂತಲ್ಲ. ಸಂಭಾಷಣೆಯ ಆಡುಮಾತನ್ನು ಗ್ರಂಥಸ್ಥ ಕನ್ನಡಕ್ಕೆ ತಿರುಗಿಸಿ ಅಂದಿದ್ದರು. ದೊಡ್ಡಮ್ಮ ಸುತರಾಂ ಒಪ್ಪಲಿಲ್ಲ. "ಆ ಹೆಂಗಸರು ಹಾಗೆ ಮಾತಾಡಲ್ಲ" ಅಂದುಬಿಟ್ಟರು. ಅಲ್ಲಿಗೆ ಮುಗಿಯಿತು. ಸ್ವಂತ ಪ್ರಕಟಣೆಯಲ್ಲಿ ಕೊನೆಯ ಮಾತು ಬರೆದವರದೇ, ಮತ್ತು ಆ ಹಕ್ಕಿನ ಬೆಲೆ ನನಗೆ ಅರ್ಥವಾದದ್ದು ಅವತ್ತು.

ಇನ್ನು ಅಕ್ಷರದ ವಿಷಯ. ಮೊದಲ ನಾಲ್ಕು ನೋಟ್‌ಬುಕ್ಕನ್ನು ದೊಡ್ಡಮ್ಮ ಹಿಂದೆಯೇ ಯಾರಿಂದಲೋ ಹಳೆಯ ಆಸ್ಕಿ ಫಾಂಟಿನಲ್ಲಿ, ಅಂದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಾಣದ ಹಳೆಯ ಪದ್ಧತಿಯಲ್ಲಿ, ಟೈಪ್ ಮಾಡಿಸಿಟ್ಟಿದ್ದರು. ಅದನ್ನು ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಪದ್ಧತಿಗೆ ಬದಲಾಯಿಸಿದಾಗ ಅರ್ಕಾವೊತ್ತು ಎಷ್ಟೋ ಕಡೆ ಜಾಗ ತಪ್ಪಿ ಕೂತಿತ್ತು, ಕೆಲವು ಒತ್ತಕ್ಷರ ಮಾಯವೇ ಆಗಿದ್ದವು. ಪರಿವರ್ತಕ ತಂತ್ರಾಂಶ ಮುಗಿಯಿತು ಅಂದಮೇಲೆ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲು ಓದಲೇಬೇಕು, ಬೇರೆ ದಾರಿಯಿಲ್ಲ. ಪುಟವಿನ್ಯಾಸ ಮಾಡುವವರನ್ನೂ ಮೊದಲೇ ಕೇಳಿಕೊಳ್ಳಿ. ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಅನ್ನುವ ಆಯ್ಕೆಯನ್ನು ಆರಿಸದಿದ್ದರೆ ಯೂನಿಕೋಡ್ ಕನ್ನಡದ ಒತ್ತುಗಳು ಸರಿಯಾಗಿ ಕೂರುವುದಿಲ್ಲ. ಫಾಂಟಿನ ಪರವಾನಗಿ ಇನ್ನೊಂದು ಚಿಂತೆ. ನೋಟೋ ಸೆರಿಫ್ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟ್ ಬಳಸಿದರೆ ಆ ತಲೆನೋವಿಲ್ಲ.

"ನೀವು ಹಸ್ತಪ್ರತಿ ಕೊಡಿ, ಮಿಕ್ಕಿದ್ದೆಲ್ಲ ನಮಗೆ ಬಿಡಿ" ಅನ್ನುವ ಒಂದು ಸಂಸ್ಥೆಯೂ ನಮಗೆ ಎದುರಾಯಿತು. ಹೆಸರು ಬೇಡ. ದೊಡ್ಡಮ್ಮನನ್ನು ಹೊಗಳಿ ಪತ್ರ ಬರೆದಿದ್ದರು. ಅವರು ಕಾದಂಬರಿ ಓದಿದ್ದಕ್ಕೆ ಆ ಪತ್ರದಲ್ಲಿ ಒಂದು ಗುರುತೂ ಇರಲಿಲ್ಲ, ಒಂದು ಪಾತ್ರದ ಹೆಸರೂ ಇರಲಿಲ್ಲ. ಕರಾರುಪತ್ರ ನೋಡಿದರೆ ಖರ್ಚೆಲ್ಲ ನಮ್ಮದು. ಮುದ್ರಣ, ಇ-ಪುಸ್ತಕ, ಆಡಿಯೋ, ಅನುವಾದ, ಸಿನಿಮಾ ಹಕ್ಕು ಅಷ್ಟೂ ಅವರದು, ಅದೂ ಅವಧಿಯೇ ಇಲ್ಲದೆ. ದುಡ್ಡು ಹಾಕಿದವರು ನಾವೇ ಆದಮೇಲೆ ಹಕ್ಕನ್ನೂ ಯಾಕೆ ಬರೆದುಕೊಡಬೇಕು? ಇದು ಅನ್ಯಾಯ, ಮತ್ತು ಮೊದಲ ಪುಸ್ತಕದ ಆಸೆಯಲ್ಲಿರುವ ಹಿರಿಯರೇ ಇದಕ್ಕೆ ಸುಲಭವಾಗಿ ಸಿಕ್ಕಿಬೀಳುತ್ತಾರೆ. ಮನೆಯ ಕಿರಿಯರು ಜೊತೆಗೆ ಕೂತು ಕರಾರಿನ ಒಂದೊಂದು ಸಾಲನ್ನೂ ಓದಿ ಹೇಳಬೇಕು.

ಐಎಸ್‌ಬಿಎನ್ ಬಗ್ಗೆಯೂ ಅದೇ ಎಚ್ಚರ. ಅದು ಪುಸ್ತಕವನ್ನು ಗುರುತಿಸುವ ಸಂಖ್ಯೆ ಅಷ್ಟೆ; 2007ರಿಂದ 13 ಅಂಕಿ, 978 ಅಥವಾ 979ರಿಂದ ಶುರುವಾಗುತ್ತದೆ. ಅದರಿಂದ ಕೃತಿಸ್ವಾಮ್ಯ, ಅಂದರೆ ಕಾಪಿರೈಟ್, ಬರುವುದಿಲ್ಲ. ಕೃತಿಸ್ವಾಮ್ಯ ಬರೆದ ಕ್ಷಣದಿಂದಲೇ ಬರೆದವರದು. ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಅದಕ್ಕೆ ನೋಂದಣಿಯ ಷರತ್ತು ಹಾಕುವಂತಿಲ್ಲ. ಆದರೆ ಬೇರೆಯವರು "ಉಚಿತವಾಗಿ" ಕೊಡುವ ಐಎಸ್‌ಬಿಎನ್ ತೆಗೆದುಕೊಂಡರೆ ಪ್ರಕಾಶಕರು ಅಂತ ದಾಖಲಾಗುವುದು ಅವರ ಹೆಸರು. ನಾವು ದೊಡ್ಡಮ್ಮನ ಹೆಸರಿನಲ್ಲೇ ತೆಗೆದುಕೊಂಡೆವು. ಇ-ಪುಸ್ತಕ ಮಾಡಿದರೆ ಅದಕ್ಕೆ ಬೇರೆಯೇ ಸಂಖ್ಯೆ ಬೇಕು ಅನ್ನುವುದು ನೆನಪಿರಲಿ.

ಎಷ್ಟು ಪ್ರತಿ ಅನ್ನುವುದಕ್ಕೆ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಪ್ಲೇಟು ಮಾಡಿಸಿ ಒಟ್ಟಿಗೆ ಅಚ್ಚು ಹಾಕುವ ಆಫ್‌ಸೆಟ್‌ನಲ್ಲಿ ಆ ಪ್ಲೇಟಿನ ಖರ್ಚು ಮೊದಲೇ ಬೀಳುತ್ತದೆ, ಸಾವಿರ ಪ್ರತಿ ಹಾಕಿಸಿದರೆ ಒಂದೊಂದರ ಬೆಲೆ ಇಳಿಯುತ್ತದೆ. ಬೇಡಿಕೆ ಬಂದಷ್ಟೇ ಮುದ್ರಿಸುವ ಪ್ರಿಂಟ್ ಆನ್ ಡಿಮ್ಯಾಂಡ್‌ನಲ್ಲಿ ಪ್ರತಿಯೊಂದಕ್ಕೆ ಹೆಚ್ಚು ಬೀಳುತ್ತದೆ, ಆದರೆ ಅಟ್ಟದ ಮೇಲೆ ಕಟ್ಟು ಕೊಳೆಯುವುದಿಲ್ಲ. ಎಲ್ಲರೂ "ಸಾವಿರ ಹಾಕ್ಸಿ, ನೆಂಟರೇ ಅಷ್ಟಿದ್ದಾರೆ" ಅಂದರು. ನೆಂಟರು ಕೊಂಡು ಓದುತ್ತಾರೆ ಅನ್ನುವ ಲೆಕ್ಕವನ್ನು ದಯವಿಟ್ಟು ಯಾರೂ ಇಟ್ಟುಕೊಳ್ಳಬೇಡಿ. ನಾವು ಬೇಡಿಕೆಯ ಮುದ್ರಣಕ್ಕೇ ಹೋದೆವು.

ಸ್ವಂತವಾಗಿ ಪುಸ್ತಕ ಮಾಡಿಸುವುದು ಅಂದರೆ ಬೇರೆ ಯಾರೂ ಒಪ್ಪದ ಪುಸ್ತಕ ಅಂತ ಮೂಗು ಮುರಿಯುವವರು ಇದ್ದಾರೆ. ದೊಡ್ಡಮ್ಮನ ಮುಖಕ್ಕೇ ಒಬ್ಬರು ಹಾಗೆ ಹೇಳಿದರು, ನನಗೆ ತಡೆಯಲಾಗಲಿಲ್ಲ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಭಾಷೆ ನಮ್ಮದು. 1917ರಲ್ಲಿ ಇಂಗ್ಲಿಷ್ ಕಾದಂಬರಿಕಾರ್ತಿ ವರ್ಜೀನಿಯಾ ವೂಲ್ಫ್ ಮತ್ತು ಅವರ ಗಂಡ ಲೆನಾರ್ಡ್ ಮನೆಯಲ್ಲೇ ಕೈಮುದ್ರಣ ಯಂತ್ರ ಇಟ್ಟು ಪ್ರಕಾಶನ ಶುರುಮಾಡಿದರು. ವರ್ಜೀನಿಯಾರ ಕಾದಂಬರಿಗಳಿಗೆ ಮುಖಪುಟ ಬರೆದುಕೊಟ್ಟವರು ಅಕ್ಕ ವನೆಸ್ಸಾ. ಬರೆಯುವವರ ಬೆನ್ನಿಗೆ ಮನೆಯವರು ನಿಂತದ್ದು ಹೊಸದೇನಲ್ಲ.

ಮುಖಪುಟ ಬೇಗ ಮುಗಿಯಿತು. ಒಬ್ಬ ಕಲಾವಿದೆ ಆ ಟ್ರಂಕನ್ನೇ ಬರೆದುಕೊಟ್ಟರು. ಪುಟಗಳ ಸಂಖ್ಯೆ ಖಚಿತವಾಗುವ ತನಕ ಪುಸ್ತಕದ ಬೆನ್ನಿನ ಅಗಲ ಗೊತ್ತಾಗುವುದಿಲ್ಲ, ಹಾಗಾಗಿ ಮುಖಪುಟದ ಅಂತಿಮ ಕಡತ ಕೊನೆಯಲ್ಲೇ ಆಗಬೇಕು. ಅದೊಂದು ಗೊತ್ತಿದ್ದರೆ ಸಾಕು.

ಪ್ರೂಫ್ ಮಾತ್ರ ಕಾಗದದ ಮೇಲೆಯೇ ನೋಡಿ. ಪರದೆಯಲ್ಲಿ ಮೂರು ಸಲ ಓದಿ ಏನೂ ಇಲ್ಲ ಅಂದುಕೊಂಡಿದ್ದೆವು. ಮಾದರಿ ಪ್ರತಿ ಬಂದಾಗ ದೊಡ್ಡಮ್ಮ ಅದನ್ನು ಎದೆಗೊತ್ತಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ಕನ್ನಡಕ ಹಾಕಿಕೊಂಡು ಪೆನ್ಸಿಲ್ ಕೇಳಿದರು. ಸಂಜೆಯೊಳಗೆ ನಲವತ್ತಕ್ಕೂ ಹೆಚ್ಚು ತಪ್ಪು ಸಿಕ್ಕವು. ಒಂದು ಕಡೆ ತಂಗಿಯ ಹೆಸರಿದ್ದಲ್ಲಿ ಅಕ್ಕನ ಹೆಸರೇ ಬಂದುಬಿಟ್ಟಿತ್ತು.

ಪುಸ್ತಕ ಬಂದು ಎರಡು ತಿಂಗಳಾಯಿತು. ಮೊನ್ನೆ ಒಬ್ಬ ಅಪರಿಚಿತ ಓದುಗರು ಬರೆದಿದ್ದರು: ಅಕ್ಕ ಮಾಡಿದ್ದು ತಪ್ಪು, ತಂಗಿಯನ್ನು ಒಳಗೆ ಕರೆಯಬೇಕಿತ್ತು, ಆ ರಾತ್ರಿ ತನಗೆ ನಿದ್ದೆ ಬರಲಿಲ್ಲ ಅಂತ. ನಮ್ಮ ಮನೆಯ ಆ ಇಬ್ಬರು ಹಿರಿಯರ ಗಂಧಗಾಳಿಯೂ ಅವರಿಗಿಲ್ಲ. ದೊಡ್ಡಮ್ಮ ಆ ಪತ್ರವನ್ನು ನನ್ನಿಂದ ಎರಡು ಸಲ ಓದಿಸಿದರು. ಓದಿ ಮುಗಿಸಿದಾಗ ಹನ್ನೊಂದನೆಯ ನೋಟ್‌ಬುಕ್ಕಿನ ಕೊನೆಯ ಹಾಳೆ ತೆಗೆದು ನನ್ನ ಮುಂದಿಟ್ಟರು. ಪುಟ, ಸಾಲು, ತಪ್ಪು, ಒಪ್ಪು ಅಂತ ಗೆರೆ ಎಳೆದು ಬರೆದ ಪಟ್ಟಿ. ನಮ್ಮೆಲ್ಲರ ಕಣ್ಣು ತಪ್ಪಿಸಿಕೊಂಡಿದ್ದ ಇನ್ನೂ ಒಂಬತ್ತು ತಪ್ಪುಗಳು ಅದರಲ್ಲಿದ್ದವು. "ಮುಂದೆ ಕೊಳ್ಳೋರಿಗಾದ್ರೂ ಸರಿಯಾದ್ದು ಸಿಗಲಿ ಕಣೆ" ಅಂದರು. ಇವತ್ತು ರಾತ್ರಿ ಕೂತು ಅವನ್ನು ತಿದ್ದಿ ಹೊಸ ಕಡತ ಕಳಿಸಬೇಕು.