ನುಡಿಸಬೇಡಿ, ಬೆಲೆ ಇಳಿದೀತು

1960ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನ ಫೆಂಡರ್ ಕಾರ್ಖಾನೆ ಜಾಝ್ ಬೇಸ್ ಎಂಬ ಹೊಸ ಬೇಸ್ ಗಿಟಾರನ್ನು (ಕೆಳಸ್ವರದ, ನಾಲ್ಕು ತಂತಿಯ ಎಲೆಕ್ಟ್ರಿಕ್ ಗಿಟಾರು) ಮಾರುಕಟ್ಟೆಗೆ ಬಿಟ್ಟಾಗ ಅದರ ಪಟ್ಟಿ ಬೆಲೆ 279.50 ಡಾಲರ್. ಅಂಚು ಕಪ್ಪಾಗಿ ನಡು ಹಳದಿಯಾಗಿರುವ ಮಾಮೂಲಿ ಸನ್‌ಬರ್ಸ್ಟ್ ಬೇಡ, ಕೆಂಪೋ ನೀಲಿಯೋ ಬೇಕು ಅಂದರೆ ಶೇ. 5 ಹೆಚ್ಚಿಗೆ, ಅಂದರೆ ಸುಮಾರು 14 ಡಾಲರ್. ಆ ಬಣ್ಣವೇನೂ ದೇವಲೋಕದ್ದಲ್ಲ, ಡ್ಯೂಪಾಂಟ್ ಕಂಪನಿಯ ಕಾರಿನ ಪೇಂಟು. ಫಿಯೆಸ್ಟಾ ರೆಡ್ ಅಂದರೆ 1956ರ ಫೋರ್ಡ್ ಥಂಡರ್‌ಬರ್ಡ್ ಕಾರಿಗೆ ಹೊಡೆದಿದ್ದ ಕೆಂಪು. ಇವತ್ತು ಆ ಕಾಲದ ಜಾಝ್ ಬೇಸ್‌ಗೆ ಹತ್ತಾರು ಸಾವಿರ ಡಾಲರ್. ಆ 14 ಡಾಲರಿನ ಪೇಂಟು ಹಾಗೇ ಉಳಿದಿದ್ದರೆ ಅದೊಂದಕ್ಕೇ ಸೆಕೆಂಡ್ ಹ್ಯಾಂಡ್ ಕಾರಿನ ಬೆಲೆ. ಹಳೆಯದಕ್ಕೆ ಬೆಲೆ ಬರುವುದು ಲೋಕರೂಢಿ, ಅದಕ್ಕೆ ಯಾರ ತಕರಾರೂ ಇಲ್ಲ. ತಮಾಷೆ ಇರುವುದು ಆ ಬೆಲೆ ಕಟ್ಟುವ ರೀತಿಯಲ್ಲಿ.

ಕೊಳ್ಳಲು ಬಂದವರು ಮೊದಲು ಕೇಳುವುದು ಸ್ಕ್ರೂಡ್ರೈವರ್. ಆಂಪ್ಲಿಫೈಯರ್ ಎಲ್ಲಿದೆ ಎಂದು ಕೇಳುವವರು ಹೊಸಬರು. ಅನುಭವಸ್ಥರು ಗುಂಡಿಗಳಿರುವ ಕಂಟ್ರೋಲ್ ಪ್ಲೇಟ್ ಬಿಚ್ಚಿ, ವಾಲ್ಯೂಮ್ ಪಾಟ್‌ನ, ಅಂದರೆ ಸದ್ದು ಏರಿಳಿಸುವ ಗುಂಡಿಯ ಅಡಿಯ ಬಿಡಿಭಾಗದ, ಬೆನ್ನ ಮೇಲೆ ಒತ್ತಿದ ಅಂಕಿಗಳನ್ನು ಓದುತ್ತಾರೆ. 304 6123 ಎಂದಿದ್ದರೆ 304 ಸ್ಟ್ಯಾಕ್‌ಪೋಲ್ ಕಂಪನಿ, 61 ಇಸವಿ, 23 ಆ ಇಸವಿಯ ವಾರ. 137ರಿಂದ ಶುರುವಾದರೆ ಸಿಟಿಎಸ್ ಕಂಪನಿಯದು. ಇದು ಪಾಟ್ ಹುಟ್ಟಿದ ವಾರವೇ ಹೊರತು ಬೇಸ್ ಹುಟ್ಟಿದ ವಾರವಲ್ಲ. 1966ರಲ್ಲಿ ಫೆಂಡರ್ ಪಾಟ್‌ಗಳನ್ನು ರಾಶಿಗಟ್ಟಲೆ ತರಿಸಿಟ್ಟುಕೊಂಡಿದ್ದರಿಂದ 60ರ ದಶಕದ ಕೊನೆಯ ಬೇಸ್‌ಗಳ ಹೊಟ್ಟೆಯಲ್ಲೂ 66ರ ಪಾಟ್ ಸಿಗುತ್ತದೆ. ಮುಂದೆ ನೆಕ್ ಎಂಬ ಉದ್ದನೆಯ ಹಿಡಿ ಬಿಚ್ಚಿ ಅದರ ಬುಡದ ದಿನಾಂಕ ನೋಡಬೇಕು: ಸುಮಾರು 1962ರ ತನಕ ಪೆನ್ಸಿಲ್ ಬರಹ, ಆಮೇಲೆ ರಬ್ಬರ್ ಸ್ಟಾಂಪು. ಪಾಟ್ ನೆಕ್ಕಿಗಿಂತ ವರ್ಷ ಹಳೆಯದಿದ್ದರೆ ಚಿಂತೆಯಿಲ್ಲ. ಎರಡು ವರ್ಷ ಹೊಸದಿದ್ದರೆ ನಡುವೆ ಯಾರೋ ಕೈಯಾಡಿಸಿದ್ದಾರೆ.

ನೆಕ್ಕನ್ನು ಹಿಡಿದಿರುವುದು ಮರಕ್ಕೆ ನೇರವಾಗಿ ಇಳಿದಿರುವ ನಾಲ್ಕು ಸ್ಕ್ರೂ. ಬಂದ ಬಂದ ಗಿರಾಕಿಯೆಲ್ಲ ಅದನ್ನು ಬಿಚ್ಚಿ ಬಿಗಿದರೆ ಮರದ ತೂತು ಬಾಯಿ ಬಿಡುತ್ತದೆ, ನೆಕ್ ಅಲ್ಲಾಡುತ್ತದೆ, ತೂತಿಗೆ ಕಡ್ಡಿ ತುಂಬಿಸಬೇಕಾಗುತ್ತದೆ. ಅಲ್ಲಿಗೆ ‘ಒರಿಜಿನಲ್’ ಅನ್ನುವುದು ಹೋಯಿತು, ಅದನ್ನು ಸಾಬೀತು ಮಾಡುವ ಭರದಲ್ಲೇ. ಬುದ್ಧಿವಂತ ಮಾರಾಟಗಾರರು ಒಂದೇ ಸಲ ಬಿಚ್ಚಿ, ನೆಕ್ಕಿನ ಬುಡ, ಅದು ಕೂರುವ ಗುಂಡಿ, ಪಾಟ್, ತಂತಿಯ ಕಂಪನ ಹಿಡಿಯುವ ಪಿಕಪ್‌ನ ತಳ ಎಲ್ಲದರ ಸ್ಪಷ್ಟ ಫೋಟೊ ತೆಗೆದಿಟ್ಟು, ಇನ್ನು ಬಿಚ್ಚುವ ಮಾತಿಲ್ಲ ಎನ್ನುತ್ತಾರೆ. ಗಿರಾಕಿಗೆ ಆಗ ಇನ್ನೊಂದು ಅನುಮಾನ: ಬಿಚ್ಚಲು ಯಾಕೆ ಬಿಡುತ್ತಿಲ್ಲ?

ಇನ್ನು ಮೊಳೆ ತೂತಿನ ಶಾಸ್ತ್ರ. 1964ರ ಆಸುಪಾಸಿನವರೆಗೆ ಬಣ್ಣ ಹೊಡೆಯುವಾಗ, ಒಣಗಿಸುವಾಗ ಬಾಡಿ ಮೇಜಿಗೆ ತಾಗದಿರಲೆಂದು ಮುಂಭಾಗಕ್ಕೆ ಸಣ್ಣ ಮೊಳೆ ಹೊಡೆದು ಅದರ ಮೇಲೆ ನಿಲ್ಲಿಸುತ್ತಿದ್ದರು. ಬಣ್ಣ ಒಣಗಿದ ಮೇಲೆ ಮೊಳೆ ಕೀಳುತ್ತಿದ್ದರು. ಹಾಗಾಗಿ ಬಾಡಿಯ ಮುಂಭಾಗದ ಪ್ಲಾಸ್ಟಿಕ್ ಹಾಳೆ, ಅಂದರೆ ಪಿಕ್‌ಗಾರ್ಡ್ ಎತ್ತಿದರೆ ಕಾಣುವ ತೂತಿನೊಳಗೆ ಬರೀ ಮರ ಇರಬೇಕು. ಒಳಗೆ ಬಣ್ಣ ಇಳಿದಿದ್ದರೆ ಆ ಬಾಡಿಗೆ ಎರಡನೇ ಸಲ ಬಣ್ಣ ಆಗಿದೆ, ಬೆಲೆ ಹೆಚ್ಚುಕಮ್ಮಿ ಅರ್ಧ. ಇದು ಖೋಟಾ ಮಾಡುವವರಿಗೂ ಗೊತ್ತು, ಅವರೂ ಈಗ ಬಣ್ಣ ಹೊಡೆದ ಮೇಲೆ ತೂತು ಕೊರೆಯುತ್ತಾರೆ. ಅದಕ್ಕೆ ಪ್ರತಿಯಾಗಿ ಗಿರಾಕಿ ಯುವಿ ಟಾರ್ಚ್ ತರುತ್ತಾನೆ. ಕತ್ತಲೆ ಕೋಣೆಯಲ್ಲಿ ಹಳೆಯ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಎಂಬ ಮೆರುಗು ಲೇಪ ಹಸಿರು-ಹಳದಿಯಾಗಿ ಮಿನುಗುತ್ತದೆ, ಆಮೇಲೆ ಮೆತ್ತಿದ ಜಾಗ ಕಪ್ಪಾಗಿ ಕಾಣುತ್ತದೆ. ಕಾರ್ಖಾನೆಯ ಕೂಲಿಯವನು ಟಕಟಕ ಹೊಡೆದ ಮೊಳೆಯ ಗುರುತನ್ನು ಅರವತ್ತು ವರ್ಷದ ಮೇಲೆ ಇಬ್ಬರು ವಿದ್ಯಾವಂತರು ಬಾಗಿಲು ಮುಚ್ಚಿಕೊಂಡು, ದೀಪ ಆರಿಸಿ, ಮಂಡಿಯೂರಿ ಹುಡುಕುವ ದೃಶ್ಯ ನೋಡುವಂಥದ್ದು. ಬೇಸ್ ಇನ್ನೂ ಸದ್ದು ಮಾಡಿಲ್ಲ.

ಸದ್ದು ಮಾಡಿದರೂ ಕರಕರ ಅನ್ನುವುದೇ ಹೆಚ್ಚು. ಪಾಟ್ ಸವೆದಿರುತ್ತದೆ. ಹೊಸದಕ್ಕೆ ಕೆಲವೇ ಡಾಲರ್, ಬೆಸುಗೆ ಹಾಕಲು ಹತ್ತು ನಿಮಿಷ. ಆದರೆ ಹಾಕುವಂತಿಲ್ಲ! ಯಾರೂ ಮುಟ್ಟದ ಬೆಸುಗೆಗೆ ಪ್ರತ್ಯೇಕ ಬೆಲೆ. ಆದ್ದರಿಂದ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು, ಗುಂಡಿಯನ್ನು ಇಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸಿ, ದೇವರ ಮೇಲೆ ಭಾರ ಹಾಕಬೇಕು. ಬದಲಿಸಲೇಬೇಕಾಗಿ ಬಂದರೆ ಕಿತ್ತ ಪಾಟನ್ನೂ ಬಟ್ಟೆ ಸುತ್ತಿದ ಹಳೆಯ ವೈರಿನ ತುಂಡನ್ನೂ ಜಿಪ್ ಕವರಿನಲ್ಲಿ ಹಾಕಿ ಕೇಸಿನಲ್ಲೇ ಇಡಿ. ಕೆಟ್ಟ ಪಾಟ್ ಜೊತೆಗಿದ್ದರೆ ಬೆಲೆ ಅಷ್ಟಾಗಿ ಬೀಳುವುದಿಲ್ಲ. ನೆಕ್ಕಿನ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳ, ಅಂದರೆ ಫ್ರೆಟ್‌ಗಳ ವಿಷಯವೂ ಹೀಗೇ. ಮೂಲ ಫ್ರೆಟ್ ದಪ್ಪಗೆ ಉಳಿದಿವೆ ಎಂದು ಜಾಹೀರಾತಿನಲ್ಲಿ ಹೆಮ್ಮೆಯಿಂದ ಬರೆದಿರುತ್ತಾರೆ. ಅದರರ್ಥ ಇದನ್ನು ಅರವತ್ತು ವರ್ಷದಲ್ಲಿ ಯಾರೂ ಇಷ್ಟಪಟ್ಟು ನುಡಿಸಿಲ್ಲ. ನಿಜವಾಗಿ ಚೆನ್ನಾಗಿದ್ದ ಬೇಸ್ ಹಗಲೂ ರಾತ್ರಿ ಕೆಲಸ ಮಾಡಿ, ಫ್ರೆಟ್ ಸವೆದು, ಹೊಸ ಫ್ರೆಟ್ ಹಾಕಿಸಿಕೊಂಡಿರುತ್ತದೆ. ಅದಕ್ಕೆ ‘ಪ್ಲೇಯರ್ ಗ್ರೇಡ್’ ಎಂದು ಚೀಟಿ ಅಂಟಿಸಿ ಕೆಳಗಿನ ಸಾಲಿನಲ್ಲಿ ಕೂರಿಸುತ್ತಾರೆ.

ಬೇಸ್ ಜೊತೆ ಬರುತ್ತಿದ್ದ ಕ್ರೋಮ್ ಮುಚ್ಚಳಗಳದ್ದು ಇನ್ನೊಂದು ಕಥೆ. ತಂತಿಗಳ ಬುಡ ಕೂರುವ ಬ್ರಿಡ್ಜ್ ಮೇಲೊಂದು, ಪಿಕಪ್ ಮೇಲೊಂದು. ಕೈಗೆ ಅಡ್ಡ ಬರುತ್ತವೆಂದು ನುಡಿಸುವವರು ಅವನ್ನು ಕಿತ್ತು, ಬ್ರಿಡ್ಜ್ ಮುಚ್ಚಳವನ್ನು ಬೋರಲು ಮಾಡಿ ಸಿಗರೇಟಿನ ಬೂದಿ ಉದುರಿಸಲು ಇಟ್ಟುಕೊಂಡರು. ಆ್ಯಶ್‌ಟ್ರೇ ಎಂಬ ಹೆಸರೇ ನಿಂತಿತು. ಇವತ್ತು ಆ ಬೂದಿ ಬಟ್ಟಲಿಗೆ ನೂರಾರು ಡಾಲರ್. ಕೊಂಡವರು ಬೇಸ್‌ಗೆ ಹಾಕಿ ಫೋಟೊ ತೆಗೆದು, ಮತ್ತೆ ಕಿತ್ತು ಕೇಸಿನಲ್ಲಿಡುತ್ತಾರೆ, ಯಾಕೆಂದರೆ ಈಗಲೂ ಕೈಗೆ ಅಡ್ಡ ಬರುತ್ತವೆ. ಆಮೆಚಿಪ್ಪಿನ ಬಣ್ಣದ ಸೆಲ್ಯುಲಾಯ್ಡ್ ಪಿಕ್‌ಗಾರ್ಡಿನ ಗತಿ ಇನ್ನೂ ಮೇಲು. ವರ್ಷಗಳುರುಳಿದಂತೆ ಅದು ಕುಗ್ಗುತ್ತದೆ, ಸ್ಕ್ರೂ ಇರುವಲ್ಲಿ ಬಿರುಕು ಬಿಡುತ್ತದೆ, ಅಂಚು ಮುದುರುತ್ತದೆ, ಅದರಿಂದ ಹೊರಡುವ ಆವಿಗೆ ಹತ್ತಿರದ ಲೋಹವೂ ತುಕ್ಕು ಹಿಡಿಯುತ್ತದೆ. ಬರೀ ಆ ಹಾಳೆಯ ದುಡ್ಡಿಗೆ ಒಳ್ಳೆಯ ಹೊಸ ಬೇಸ್ ಒಂದು ಬರುತ್ತದೆ.

70ರ ದಶಕದವರನ್ನು ಇಲ್ಲಿ ನೆನೆಯದಿದ್ದರೆ ಪಾಪ ಬರುತ್ತದೆ. ಆಗ ಮರದ ಬಣ್ಣವೇ ಕಾಣಬೇಕೆಂಬ ಫ್ಯಾಷನ್ ಬಂದು, ಫಿಯೆಸ್ಟಾ ರೆಡ್‌ಗಳನ್ನೆಲ್ಲ ಪೇಂಟ್ ತೆಗೆಯುವ ದ್ರಾವಣ ಹಾಕಿ ಕೆರೆದರು. ಉಳಿ ಹಿಡಿದು ಇನ್ನೊಂದು ಪಿಕಪ್‌ಗೆ ಗುಂಡಿ ತೋಡಿದರು. ಬ್ಯಾಡ್‌ಆ್ಯಸ್ ಎಂಬ ಬ್ರ್ಯಾಂಡಿನ ದಪ್ಪ ಬ್ರಿಡ್ಜ್ ಕೂರಿಸಿದರು. ಹಳೆಯ ಗಿಟಾರ್ ಸುಧಾರಿಸಿತು ಎಂದು ಖುಷಿಪಟ್ಟರು, ನಿಜವಾಗಿಯೂ ಸುಧಾರಿಸಿತ್ತು. ಇವತ್ತು ಅವರ ಮೊಮ್ಮಕ್ಕಳು ಅದನ್ನು ಮಾರಲು ಹೋದರೆ ಡೀಲರ್ ಆಸ್ಪತ್ರೆಯ ಮುಖ ಹಾಕಿಕೊಂಡು ತಲೆಯಾಡಿಸುತ್ತಾನೆ.

ಆದರೆ ಇದೇ ಕೆಲಸವನ್ನು ಹೆಸರಾಂತರು ಮಾಡಿದ್ದರೆ ಬೇರೆ ಲೆಕ್ಕ. ಹೆಸರಾಂತ ಬೇಸ್ ವಾದಕ ಜ್ಯಾಕೊ ಪಾಸ್ಟೋರಿಯಸ್ ಫ್ರೆಟ್‌ಗಳನ್ನೆಲ್ಲ ಕಿತ್ತ 1962ರ ಜಾಝ್ ಬೇಸ್‌ನ ಫಿಂಗರ್‌ಬೋರ್ಡಿಗೆ, ಅಂದರೆ ನೆಕ್ಕಿನ ಮೇಲೆ ಬೆರಳೊತ್ತುವ ಮರದ ಪಟ್ಟಿಗೆ, ದೋಣಿಗೆ ಬಳಿಯುವ ಎಪಾಕ್ಸಿಯನ್ನು ಬಳಿದಿದ್ದರು. ಪಿಕ್‌ಗಾರ್ಡ್ ಇಲ್ಲ, ಮುಚ್ಚಳಗಳಿಲ್ಲ, ಮುಂದೆ ಅದು ಚೂರುಚೂರಾಗಿ ಮತ್ತೆ ಅಂಟಿಸಲೂ ಪಟ್ಟಿತು. ಮಾರುಕಟ್ಟೆಯ ನಿಯಮ ಪುಸ್ತಕ ಹಿಡಿದು ನೋಡಿದರೆ ಕಸದಬುಟ್ಟಿಗೆ ಯೋಗ್ಯ. ದ ಹೂ ತಂಡದ ಜಾನ್ ಎಂಟ್ವಿಸಲ್ ಅವರ ‘ಫ್ರಾಂಕೆನ್‌ಸ್ಟೈನ್’ ಐದು ಬೇಸ್‌ಗಳ ಅವಶೇಷ ಸೇರಿಸಿ ಕಟ್ಟಿದ್ದು, ಒಂದು ಭಾಗಕ್ಕೂ ಇನ್ನೊಂದಕ್ಕೂ ದಿನಾಂಕ ಹೊಂದುವ ಪ್ರಶ್ನೆಯೇ ಇಲ್ಲ. ಸದಬೀಸ್ ಹರಾಜಿನಲ್ಲಿ ಅದಕ್ಕೆ ಪೈಪೋಟಿ. ರೋಲಿಂಗ್ ಸ್ಟೋನ್ಸ್ ತಂಡದ ಬಿಲ್ ವೈಮನ್ ಅವರ 1969ರ ಮಸ್ಟಾಂಗ್ ಬೇಸ್, ಕಲಿಯುವ ಮಕ್ಕಳಿಗೆಂದು ಮಾಡಿದ, ತಂತಿಯ ಅಳತೆ 30 ಇಂಚಿರುವ ಪುಟ್ಟ ಬೇಸ್, 2020ರ ಹರಾಜಿನಲ್ಲಿ 3,84,000 ಡಾಲರಿಗೆ ಹೋಯಿತು. ಸವೆತ, ಗೀರು, ತೂತು ಯಾವುದೂ ದೋಷವಲ್ಲ, ಯಾರದ್ದೆಂಬ ಕಾಗದ ಪತ್ರ ಇದ್ದರೆ ಸಾಕು.

ಕಾಗದ ಪತ್ರ ಇಲ್ಲದವರಿಗೂ ದಾರಿ ಇದೆ. 1995ರಿಂದ ಫೆಂಡರ್‌ನ ಕಸ್ಟಮ್ ಶಾಪ್ ಹೊಸ ಗಿಟಾರನ್ನು ಹಳೆಯದಾಗಿಸಿ ‘ರೆಲಿಕ್’ ಎಂದು ಮಾರುತ್ತಿದೆ. ನೋಡಿ ಕಲಿತವರು ಊರೂರಲ್ಲಿದ್ದಾರೆ. ತೆಳುವಾಗಿ ಲ್ಯಾಕರ್ ಹೊಡೆದು, ಬಿಸಿ ಮಾಡಿ, ತಕ್ಷಣ ತಣ್ಣಗಾಗಿಸಿದರೆ ಕೂದಲೆಳೆಯ ಬಿರುಕು ಏಳುತ್ತವೆ. ಮುಂಗೈ ಒರಗುವ ಮೇಲಂಚನ್ನು ಮರ ಕಾಣುವ ತನಕ ಮರಳು ಕಾಗದದಲ್ಲಿ ಉಜ್ಜಬೇಕು. ಬೀಗದ ಕೈ ಗೊಂಚಲಿನಿಂದ ಅಲ್ಲಲ್ಲಿ ಬಡಿಯಬೇಕು. ಬೆನ್ನಿಗೆ ಬೆಲ್ಟ್ ಬಕಲ್ ಗೀರು. ಸ್ಕ್ರೂ, ಬ್ರಿಡ್ಜ್‌ಗಳನ್ನು ಆ್ಯಸಿಡ್ ಆವಿಗೆ ಹಿಡಿದರೆ ಬೇಕಾದಷ್ಟು ತುಕ್ಕು. ಹೊಸ ಹಿತ್ತಾಳೆ ತಂಬಿಗೆಗೆ ನೆಗ್ಗು ಹಾಕಿ ಅಜ್ಜಿಯದು ಅಂತ ಮಾರಿದ ಹಾಗೆ. ಗೀರಿಲ್ಲದ ಹೊಸ ಬೇಸ್‌ಗಿಂತ ಇದಕ್ಕೇ ದುಡ್ಡು ಹೆಚ್ಚು. ಈ ಸಾಲಿನಲ್ಲಿ ನಮಗೆ ಅಚ್ಚುಮೆಚ್ಚಿನದು ‘ಕ್ಲಾಸೆಟ್ ಕ್ಲಾಸಿಕ್’ ದರ್ಜೆ: ಕೊಂಡು ತಂದು, ಬೇಜಾರಾಗಿ, ಬೀರುವಿನಲ್ಲಿ ಎತ್ತಿಟ್ಟು ಮರೆತ ಗಿಟಾರಿನಂತೆ ಕಾಣಬೇಕು. ಅಂದರೆ ದಶಕಗಳ ಸೋಮಾರಿತನವನ್ನೂ ಆರ್ಡರ್ ಕೊಟ್ಟು ಮಾಡಿಸಿಕೊಳ್ಳಬಹುದು. ಈ ತುಕ್ಕು ಹಿಡಿದ ಹೊಸ ಮಾಲು ಹೊಸದೋ ಹಳೆಯದೋ ಎಂದು ಬೆಂಗಳೂರಿನ ಕಸ್ಟಮ್ಸ್ ಕೌಂಟರಿನಲ್ಲಿ ವಿವರಿಸುವ ಭಾಗ್ಯ ಮಾತ್ರ ಕೊಂಡವರದ್ದು.

ಇತಿಹಾಸದ ಗೆರೆಯೂ ಇಲ್ಲಿ ವಿಚಿತ್ರವೇ. ಲಿಯೋ ಫೆಂಡರ್ 1965ರ ಜನವರಿಯಲ್ಲಿ ಕಂಪನಿಯನ್ನು 1.3 ಕೋಟಿ ಡಾಲರಿಗೆ ಪ್ರಸಾರ ಸಂಸ್ಥೆ ಸಿಬಿಎಸ್‌ಗೆ ಮಾರಿದರು. ಅದಕ್ಕೆ ಹಿಂದಿನದೆಲ್ಲ ‘ಪ್ರೀ-ಸಿಬಿಎಸ್’, ಅಂದರೆ ಬಂಗಾರ. ಡಿಸೆಂಬರಿನಲ್ಲಿ ನೆಕ್ ಉಜ್ಜಿದ ಕೈಯೇ ಫೆಬ್ರುವರಿಯಲ್ಲೂ ಉಜ್ಜಿತು, ಅದೇ ಯಂತ್ರ, ಅದೇ ಮರ. 70ರ ದಶಕದ ಐದು ಕಿಲೋ ತೂಗುವ, ಮೂರೇ ಸ್ಕ್ರೂ ನೆಕ್ಕಿನ ಬೇಸ್‌ಗಳನ್ನು ಒಂದು ಕಾಲಕ್ಕೆ ಯಾರೂ ಮೂಸುತ್ತಿರಲಿಲ್ಲ. ಒಳ್ಳೆಯವು ಮುಗಿದ ಮೇಲೆ ಅವೂ ವಿಂಟೇಜ್ ಆದವು.

ಫಿಂಗರ್‌ಬೋರ್ಡ್ ವಿಷಯಕ್ಕೆ ಬಂದರೆ ನಮ್ಮ ಮಲೆನಾಡಿಗೂ ಅವಮಾನ ಕಾದಿದೆ. ಮೊದಮೊದಲು ಹಾಕುತ್ತಿದ್ದುದು ಬ್ರೆಜಿಲ್ ರೋಸ್‌ವುಡ್. 60ರ ದಶಕದ ನಡುವಿನ ನಂತರ ಇಂಡಿಯನ್ ರೋಸ್‌ವುಡ್, ಅಂದರೆ ನಮ್ಮ ಘಟ್ಟದ ಬೀಟೆ. ಮೈಸೂರಿನ ಕುಸುರಿ ಕೆಲಸಕ್ಕೆ, ಅಜ್ಜನ ಮಂಚಕ್ಕೆ ಶ್ರೇಷ್ಠವಾದ ಮರ ಇವರಿಗೆ ಎರಡನೇ ದರ್ಜೆ. ನೋಡಿ ಗುರುತಿಸುವುದು ಕಷ್ಟ, ಬೇಸ್ ಸದ್ದಿನಲ್ಲಿ ಗುರುತಿಸುತ್ತೇನೆ ಎನ್ನುವವರ ಕಣ್ಣು ಕಟ್ಟಿ ಕೂರಿಸಬೇಕು. ಆದರೆ ಕಾನೂನಿನಲ್ಲಿ ವ್ಯತ್ಯಾಸ ದೊಡ್ಡದು. ಬ್ರೆಜಿಲ್ ಮರ 1992ರಿಂದ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. 1962ರ ಬೇಸನ್ನು ಗಡಿ ದಾಟಿಸಿ ಮಾರಬೇಕಾದರೆ ಆ ಮರ ನಿರ್ಬಂಧಕ್ಕೆ ಮೊದಲಿನದೆಂಬ ಪ್ರಮಾಣಪತ್ರ ಬೇಕು, ಇಲ್ಲವಾದರೆ ಜಪ್ತಿ. ಬೀಟೆಯೂ 2017ರ ಜನವರಿಯಲ್ಲಿ ಎರಡನೇ ಪಟ್ಟಿಗೆ ಸೇರಿತ್ತು. ತಯಾರಾದ ವಾದ್ಯಗಳಿಗೆ 2019ರ ನವೆಂಬರಿನಿಂದ ವಿನಾಯಿತಿ ಸಿಕ್ಕಿದೆ. ವಿದೇಶದಿಂದ ತರಿಸುವ ಕನ್ನಡಿಗರು ಬೀಟೆಯ ಬೇಸ್ ಕೊಂಡರೆ ದುಡ್ಡೂ ಉಳಿಯುತ್ತದೆ, ಮರವೂ ತವರಿಗೆ ಬಂದಂತಾಗುತ್ತದೆ.

ಬಂದ ಮೇಲೆ ಕಾಪಾಡುವ ಕಷ್ಟ. ಈ ವಾದ್ಯಕ್ಕೆ ಶೇ. 45ರಿಂದ 55 ತೇವಾಂಶ ಹಿತ, ಮಂಗಳೂರಿನ ಆಷಾಢದಲ್ಲಿ ಶೇ. 85 ದಾಟುತ್ತದೆ. ಕೇಸಿನೊಳಗೆ ತೇವಾಂಶ ಮಾಪಕ ಇಡಿ, ಸಿಲಿಕಾ ಜೆಲ್ ಚೀಲವನ್ನು ಆಗಾಗ ಒಣಗಿಸಿ. ರಬ್ಬರ್ ಹೊದಿಸಿದ ಸ್ಟ್ಯಾಂಡಿಗೆ ಒರಗಿಸಲೇಬೇಡಿ: ರಬ್ಬರಿನ ರಾಸಾಯನಿಕ ನೈಟ್ರೋ ಲ್ಯಾಕರನ್ನು ಕರಗಿಸುತ್ತದೆ, ಮಾರನೇ ದಿನ ಎತ್ತಿದರೆ ಬಣ್ಣ ಸ್ಟ್ಯಾಂಡಿನಲ್ಲೇ ಉಳಿದಿರುತ್ತದೆ. ನಾಲ್ಕು ತಂತಿಗಳ ಎಳೆತ ಒಟ್ಟು 75-80 ಕಿಲೋ, ನೆಕ್ ಬಾಗುವುದು ಸಹಜ. ಮೊದಲ ಫ್ರೆಟ್‌ನಲ್ಲೂ ಬಾಡಿ ಸೇರುವಲ್ಲೂ ತಂತಿ ಒತ್ತಿ ಹಿಡಿದಾಗ ಏಳೆಂಟನೇ ಫ್ರೆಟ್ ಮೇಲೆ 0.3 ಮಿ.ಮೀ. ಸಂದು ಇದ್ದರೆ ಸರಿ. ಹೆಚ್ಚಾದರೆ ನೆಕ್ಕಿನೊಳಗಿನ ಉಕ್ಕಿನ ಸರಳು, ಅಂದರೆ ಟ್ರಸ್ ರಾಡ್ ಕಾಲು ಸುತ್ತು ಬಿಗಿ ಮಾಡಬೇಕು. ಹಳೆಯ ಫೆಂಡರ್‌ಗಳಲ್ಲಿ ಅದರ ನಟ್ ಇರುವುದು ನೆಕ್ಕಿನ ಬುಡದಲ್ಲಿ, ಅಂದರೆ ಮತ್ತೆ ಆ ನಾಲ್ಕು ಸ್ಕ್ರೂ ಬಿಚ್ಚಬೇಕು.

ಕಳ್ಳರ ಭಯ ಇದ್ದೇ ಇದೆ. ಮೋಟೌನ್ ಹಾಡುಗಳ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಅವರ 1962ರ ಫೆಂಡರ್ ಪ್ರಿಸಿಷನ್ ಬೇಸ್ 1983ರಲ್ಲಿ ಅವರು ಸಾಯುವ ಸ್ವಲ್ಪ ಮೊದಲು ಕಳುವಾದದ್ದು ಇನ್ನೂ ಸಿಕ್ಕಿಲ್ಲ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗಿನಲ್ಲಿ ಸುಮಾರು 30 ಪೌಂಡ್ ಕೊಟ್ಟು ಕೊಂಡ ಹಾಫ್ನರ್ ಬೇಸ್ 1972ರಲ್ಲಿ ಲಂಡನ್ನಿನ ವ್ಯಾನೊಂದರಿಂದ ಕಳುವಾಗಿ, ಮರಳಿ ಸಿಕ್ಕಿತೆಂಬ ಸುದ್ದಿ ಹೊರಬಿದ್ದದ್ದು 2024ರಲ್ಲಿ. ಅಟ್ಟದ ಮೇಲಿತ್ತಂತೆ, ಅಪ್ಪಟ ಕ್ಲಾಸೆಟ್ ಕ್ಲಾಸಿಕ್. ಸೀರಿಯಲ್ ನಂಬರ್ ಬರೆದಿಟ್ಟರೆ ಸಾಲದು. 1976ಕ್ಕಿಂತ ಹಿಂದಿನ ಬಹುತೇಕ ಫೆಂಡರ್‌ಗಳಲ್ಲಿ ಅದು ಇರುವುದು ಬೆನ್ನಿನ ಲೋಹದ ಪ್ಲೇಟಿನ ಮೇಲೆ, ಕಳ್ಳ ಪ್ಲೇಟ್ ಬದಲಿಸಿದರೆ ಮುಗಿಯಿತು. ಮರದ ಎಳೆ, ಗಂಟು, ಚಕ್ಕೆ ಎದ್ದ ಜಾಗ, ಇವುಗಳ ಹತ್ತಿರದ ಫೋಟೊ ಬೇಕು. ವಿಮೆಯನ್ನು ಮೊದಲೇ ಒಪ್ಪಿದ ಮೌಲ್ಯಕ್ಕೆ ಮಾಡಿಸಿ. ಷರತ್ತನ್ನೂ ಓದಿ: ಅಮೆರಿಕದ ಸಾಮಾನ್ಯ ಮನೆ ವಿಮೆಗಳಲ್ಲಿ, ವಾದ್ಯ ನುಡಿಸಿ ಸಂಭಾವನೆ ಪಡೆಯುತ್ತಿದ್ದರೆ ಬಹುತೇಕ ಪರಿಹಾರ ಸಿಗದು. ಪುಕ್ಕಟೆ ನುಡಿಸಬಹುದು, ಕೆಟ್ಟದಾಗಿ ನುಡಿಸಿದರಂತೂ ಇನ್ನೂ ಕ್ಷೇಮ.

ಕಾರ್ಯಕ್ರಮಕ್ಕೆ ಒಯ್ಯಲು ಅಗ್ಗದ್ದೊಂದು ಬೇರೆ ಇಟ್ಟುಕೊಳ್ಳಿ ಎಂಬುದು ಹಳೆಯ ಸಲಹೆ. ಅದಕ್ಕೆ ಹೇಳಿ ಮಾಡಿಸಿದಂತಿದ್ದವು ಫೆಂಡರ್ 1982ರಲ್ಲಿ ಜಪಾನಿನಲ್ಲಿ ಮಾಡಿಸಲು ಶುರು ಮಾಡಿದ, ಜೆವಿ ಎಂಬ ಅಕ್ಷರದಿಂದ ಸೀರಿಯಲ್ ಆರಂಭವಾಗುವ ನಕಲುಗಳು. ಈಗ ಅವುಗಳ ನೆಕ್ಕನ್ನೂ ಬಿಚ್ಚಿ ನೋಡುತ್ತಿದ್ದಾರೆ.